ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ಕೀಟನಾಶಕಗಳು ಮತ್ತು ನಮ್ಮ ವಂಶವಾಹಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳಲ್ಲಿ ಮತ್ತು ಬಲದಂಡೆಯ ಸಿರುಗುಪ್ಪದಲ್ಲಿ ಭತ್ತ, ರಾಯಚೂರಿನ ಎರೆಭೂಮಿಯಲ್ಲಿ ಹತ್ತಿ, ಬಳ್ಳಾರಿಯ ಸುತ್ತ ಮೆಣಸಿನಕಾಯಿ, ಕುಷ್ಟಗಿ ಮತ್ತು ಯಲಬುರ್ಗಾ ಕಡೆ ದಾಳಿಂಬೆ ಬೆಳೆಯುವವರಲ್ಲಿ ಎಣ್ಣೆ ಹೊಡೆಯದೆ, ಅಂದರೆ ಕೀಟನಾಶಕ ಸಿಂಪಡಿಸದೆ, ಹಂಗಾಮು ದಾಟಿಸುವವರು ಬಹಳ ಕಡಿಮೆ. ಈ ಔಷಧಗಳು ಹಾರ್ಮೋನನ್ನು ಕೆಡಿಸುತ್ತವಂತೆ, ಜೀನನ್ನೇ ಬದಲಾಯಿಸುತ್ತವಂತೆ ಎಂಬ ಮಾತು ಈಗ ಹೊಲದ ಬದುವಿನವರೆಗೂ ಬಂದಿದೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ಅವಸರವಿದೆ ಎಂಬುದನ್ನು ರೈತರು, ಎಣ್ಣೆ ಹೊಡೆಯುವ ಕೂಲಿಕಾರರು, ಅವರ ಮನೆಯವರು ಮತ್ತು ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುವ ಕೀಟನಾಶಕ ಎಂದರೆ ಯಾವುದು?

ದೇಹದ ಹಾರ್ಮೋನುಗಳ ಉತ್ಪಾದನೆ, ಸಾಗಣೆ, ಕ್ರಿಯೆ ಅಥವಾ ವಿಸರ್ಜನೆಯಲ್ಲಿ ಹೊರಗಿನಿಂದ ಕೈಯಾಡಿಸಿ, ಅದರಿಂದ ಆ ಜೀವಿಗೋ ಅದರ ಸಂತತಿಗೋ ಕೆಡುಕುಂಟುಮಾಡುವ ರಾಸಾಯನಿಕವನ್ನು ಹಾರ್ಮೋನು ವ್ಯತ್ಯಯಕಾರಿ ಎನ್ನುತ್ತಾರೆ. 1991ರಲ್ಲಿ ಅಮೆರಿಕದ ವಿಂಗ್‌ಸ್ಪ್ರೆಡ್‌ನಲ್ಲಿ ಥಿಯೋ ಕೋಲ್ಬರ್ನ್ ಮುಂದಾಳತ್ವದಲ್ಲಿ ಸೇರಿದ ವಿಜ್ಞಾನಿಗಳ ಸಭೆಯಿಂದ ಈ ವರ್ಗೀಕರಣ ಚಾಲ್ತಿಗೆ ಬಂತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವ್ಯಾಖ್ಯೆಯೇ ಇಂದಿಗೂ ಬಳಕೆಯಲ್ಲಿದೆ. ಈ ವ್ಯಾಖ್ಯೆಗೆ ಎರಡು ಕಾಲುಗಳಿವೆ: ರಾಸಾಯನಿಕವು ಹಾರ್ಮೋನು ಮಾರ್ಗದಲ್ಲಿ ಕೆಲಸ ಮಾಡಬೇಕು, ಮತ್ತು ಆ ಮಾರ್ಗದಿಂದಲೇ ಹಾನಿಯಾಗಬೇಕು. ಜೀವಕೋಶದಲ್ಲಿ ಏನೋ ಬದಲಾವಣೆ ಕಂಡಿತು ಎಂಬುದಷ್ಟೇ ಸಾಲದು. ಪತ್ರಿಕೆಗಳ ತಲೆಬರಹಗಳು ಮರೆಯುವುದು ಹೆಚ್ಚಾಗಿ ಈ ಎರಡನೆಯ ಷರತ್ತನ್ನೇ.

ವಂಶವಾಹಿ ನಿಯಂತ್ರಣ ಎಂದರೇನು?

ನಮ್ಮ ಬಹುತೇಕ ಪ್ರತಿಯೊಂದು ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟೀನು ತಯಾರಿಸುವ ಸೂಚನೆ ಹೊತ್ತ ಸುಮಾರು 20,000 ವಂಶವಾಹಿಗಳಿವೆ. ಯಕೃತ್ತಿನ ಕೋಶಕ್ಕೂ ಮೆದುಳಿನ ಕೋಶಕ್ಕೂ ಇರುವುದು ಅದೇ ವಂಶವಾಹಿಗಳು. ಯಾವುದು ಯಾವಾಗ ಎಷ್ಟು ಕೆಲಸ ಮಾಡಬೇಕು ಎಂಬ ತೀರ್ಮಾನ ಮಾತ್ರ ಬೇರೆ ಬೇರೆ. ಇದು ಕಾಲುವೆಯ ನೀರಿನ ಲೆಕ್ಕದಂತೆ. ಎಲ್ಲ ತೂಬುಗಳ ಹಿಂದೆಯೂ ಅದೇ ತುಂಗಭದ್ರೆಯ ನೀರು ನಿಂತಿರುತ್ತದೆ, ನೀರಗಂಟಿ ಯಾವ ತೂಬನ್ನು ಎಷ್ಟು ಎತ್ತುತ್ತಾನೆ ಎಂಬುದರ ಮೇಲೆ ಯಾವ ಗದ್ದೆ ನೆನೆಯುತ್ತದೆ ಎಂಬುದು ನಿಂತಿದೆ. ಹಾರ್ಮೋನು ಎಂದರೆ ಆ ನೀರಗಂಟಿಗೆ ಮೇಲಿನಿಂದ ಬರುವ ಆದೇಶ, ಮತ್ತು ಹಾರ್ಮೋನು ವ್ಯತ್ಯಯಕಾರಿ ಎಂದರೆ ಅಧಿಕಾರವಿಲ್ಲದವರು ಕಳಿಸಿದ ಆದೇಶ ಅಥವಾ ಸರಿಯಾದ ಆದೇಶ ತಲುಪದಂತೆ ದಾರಿಗೆ ಅಡ್ಡ ನಿಂತವರು.

ಕೀಟನಾಶಕ ಜೀವಕೋಶದೊಳಗೆ ಹೋಗಿ ಏನು ಮಾಡುತ್ತದೆ?

ಮೊದಲು ಸಹಜ ಹಾರ್ಮೋನು ಏನು ಮಾಡುತ್ತದೆ ಎಂದು ತಿಳಿಯಬೇಕು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್, ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮುಂತಾದ ಸ್ಟೀರಾಯ್ಡ್ ಹಾರ್ಮೋನುಗಳು ಕೊಬ್ಬಿನಲ್ಲಿ ಕರಗುವ ಚಿಕ್ಕ ಅಣುಗಳಾದ್ದರಿಂದ ಜೀವಕೋಶದ ಪೊರೆಯನ್ನು ದಾಟಿ ಒಳಗೆ ಹೋಗುತ್ತವೆ. ಒಳಗೆ ಅವುಗಳಿಗಾಗಿಯೇ ಗ್ರಾಹಕ ಪ್ರೋಟೀನುಗಳು ಕಾಯುತ್ತಿರುತ್ತವೆ, ಮನುಷ್ಯರಲ್ಲಿ ಈ ಕುಟುಂಬದ ಗ್ರಾಹಕಗಳು ಒಟ್ಟು 48. ಹಾರ್ಮೋನು ಬಂದು ಕೂತಾಗ ಗ್ರಾಹಕದ ಆಕಾರ ಬದಲಾಗುತ್ತದೆ, ಅದನ್ನು ಹಿಡಿದಿಟ್ಟಿದ್ದ ಕಾವಲು ಪ್ರೋಟೀನುಗಳು ಬಿಟ್ಟುಕೊಡುತ್ತವೆ, ಎರಡು ಗ್ರಾಹಕಗಳು ಜೋಡಿಯಾಗಿ ಡಿಎನ್‌ಎಯ ನಿರ್ದಿಷ್ಟ ಅಕ್ಷರಸಾಲಿಗೆ ಹೋಗಿ ಅಂಟುತ್ತವೆ. ಅಲ್ಲಿಗೆ ಸಹಾಯಕ ಪ್ರೋಟೀನುಗಳನ್ನು ಕರೆಸಿಕೊಂಡಾಗ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನು ಎಂಬ ಪ್ರೋಟೀನುಗಳ ಮೇಲೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪುಗಳು ಸೇರಿ ಬಿಗಿ ಸಡಿಲವಾಗುತ್ತದೆ ಮತ್ತು ಆ ವಂಶವಾಹಿಯಿಂದ ಆರ್‌ಎನ್‌ಎ ನಕಲು ತಯಾರಾಗತೊಡಗುತ್ತದೆ.

ಕೆಲವು ಕೀಟನಾಶಕಗಳು ಇದೇ ಜಾಗಕ್ಕೆ ಬಂದು ಕೂರುತ್ತವೆ. ಡಿಡಿಟಿಯ ಒಂದು ರೂಪವಾದ ಆರ್ಥೋ-ಪ್ಯಾರಾ ಡಿಡಿಟಿ ಈಸ್ಟ್ರೋಜನ್ ಗ್ರಾಹಕವನ್ನು ದುರ್ಬಲವಾಗಿಯಾದರೂ ಚಾಲೂ ಮಾಡುತ್ತದೆ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಮೂಲದ ಮಾನವ ಕೋಶಗಳಲ್ಲಿ, ಈಸ್ಟ್ರೋಜನ್ ಬಂದಾಗ ಮಾತ್ರ ಹೆಚ್ಚುವ ಟಿಎಫ್ಎಫ್1 ಎಂಬ ವಂಶವಾಹಿಯ ಚಟುವಟಿಕೆಯನ್ನು ನೋಡಿ ಇಂಥ ಪರಿಣಾಮವನ್ನು ಗುರುತಿಸಬಹುದು. ಇದೇ ಕೋಶಗಳ ವೃದ್ಧಿಯನ್ನು ಎಣಿಸುವ ಪರೀಕ್ಷೆಯಲ್ಲಿ 1994ರ ಹೊತ್ತಿಗೇ ಎಂಡೋಸಲ್ಫಾನ್ ಈಸ್ಟ್ರೋಜನ್‌ನಂತೆ ವರ್ತಿಸಿದ್ದು ಕಂಡುಬಂದಿತ್ತು.

ಇನ್ನು ಕೆಲವು ಕೂರುತ್ತವೆ, ಆದರೆ ಚಾಲೂ ಮಾಡುವುದಿಲ್ಲ. ಡಿಡಿಟಿ ದೇಹದಲ್ಲಿ ಒಡೆದು ಆಗುವ ಡಿಡಿಇ, ಪುರುಷ ಹಾರ್ಮೋನುಗಳಿಗಾಗಿ ಇರುವ ಆಂಡ್ರೋಜನ್ ಗ್ರಾಹಕಕ್ಕೆ ಅಂಟಿ ಟೆಸ್ಟೋಸ್ಟೆರಾನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ ಎಂದು 1995ರಲ್ಲಿ ಪ್ರಕಟವಾಯಿತು. ವಿನ್‌ಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕದ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಗ್ರಾಹಕವನ್ನು ಬಲವಾಗಿ ತಡೆಯುವುದು ಮೂಲ ಔಷಧಕ್ಕಿಂತ ಹೆಚ್ಚಾಗಿ ಅದು ಒಡೆದು ಆಗುವ ಉಪವಸ್ತುಗಳು. ಔಷಧವನ್ನು ಮಾತ್ರ ಪರೀಕ್ಷಿಸಿ ಅದರ ಚೂರುಗಳನ್ನು ಪರೀಕ್ಷಿಸದಿದ್ದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಗ್ರಾಹಕಕ್ಕೆ ಅಂಟದ ಔಷಧವೂ ಹಾರ್ಮೋನನ್ನು ಕೆಡಿಸಬಲ್ಲದೇ?

ಕೆಡಿಸಬಲ್ಲದು, ಮತ್ತು ಇದು ಹೆಚ್ಚಿನವರಿಗೆ ಹೊಸ ವಿಷಯ. ಕಳೆನಾಶಕ ಅಟ್ರಜಿನ್ ಈಸ್ಟ್ರೋಜನ್ ಗ್ರಾಹಕಕ್ಕೆ ಕೂರುವುದಿಲ್ಲ. ಆದರೆ ಎಚ್295ಆರ್ ಎಂಬ ಅಡ್ರಿನಲ್ ಗ್ರಂಥಿ ಮೂಲದ ಮಾನವ ಕೋಶಗಳಲ್ಲಿ ಅದು ಸಿವೈಪಿ19 ವಂಶವಾಹಿಯ ಚಟುವಟಿಕೆಯನ್ನು ಏರಿಸುತ್ತದೆ. ಆ ವಂಶವಾಹಿಯಿಂದ ತಯಾರಾಗುವ ಅರೋಮಟೇಸ್ ಎಂಬ ಕಿಣ್ವ ಪುರುಷ ಹಾರ್ಮೋನನ್ನು ಸ್ತ್ರೀ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಅಂದರೆ ಇಲ್ಲಿ ಸುಳ್ಳು ಹಾರ್ಮೋನು ಇಲ್ಲ, ದೇಹದ ನಿಜವಾದ ಹಾರ್ಮೋನಿನ ಪ್ರಮಾಣವೇ ಬದಲಾಗುತ್ತದೆ.

ಭತ್ತದ ಎಲೆಕವಚ ರೋಗಕ್ಕೆ ನಮ್ಮಲ್ಲಿ ಹೊಡೆಯುವ ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್, ಟೆಬುಕೊನಜೋಲ್ ಗುಂಪಿನ ಔಷಧಗಳ ಕಥೆ ಇದಕ್ಕೆ ತಿರುಗುಮುರುಗು. ಶಿಲೀಂಧ್ರದ ಪೊರೆ ಕಟ್ಟುವ ಸಿವೈಪಿ51 ಎಂಬ ಕಿಣ್ವವನ್ನು ತಡೆಯಲೆಂದೇ ಅವುಗಳನ್ನು ರೂಪಿಸಲಾಗಿದೆ. ಮನುಷ್ಯರ ಅರೋಮಟೇಸ್ ಅದೇ ಕಿಣ್ವ ಕುಲಕ್ಕೆ ಸೇರಿದ್ದರಿಂದ ಜೀವಕೋಶ ಪರೀಕ್ಷೆಗಳಲ್ಲಿ ಅದಕ್ಕೂ ಪೆಟ್ಟು ಬೀಳುತ್ತದೆ. ಜೊತೆಗೆ ಯಕೃತ್ತಿನ ಕೋಶಗಳಲ್ಲಿ ಪಿಎಕ್ಸ್ಆರ್ ಎಂಬ ಗ್ರಾಹಕವನ್ನು ಇವು ಎಬ್ಬಿಸುತ್ತವೆ, ಅದು ಸಿವೈಪಿ3ಎ4 ವಂಶವಾಹಿಯನ್ನು ಚುರುಕುಗೊಳಿಸುತ್ತದೆ, ಆ ಕಿಣ್ವವು ಔಷಧಗಳನ್ನೂ ದೇಹದ ಸ್ವಂತ ಹಾರ್ಮೋನುಗಳನ್ನೂ ಒಡೆಯುವ ಕೆಲಸದಲ್ಲಿದೆ. ಬೆಂಕಿ ರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಹೆಸರಿನಲ್ಲಿ ಇವುಗಳ ಸೋದರನಂತೆ ಕಂಡರೂ ಅದು ಶಿಲೀಂಧ್ರದ ಮೆಲನಿನ್ ತಯಾರಿಕೆಯನ್ನು ತಡೆಯುವ ಬೇರೆಯೇ ಔಷಧ, ಇವೆರಡನ್ನು ಒಂದೇ ಸಾಲಿಗೆ ಸೇರಿಸಬಾರದು.

ಮೂರನೆಯ ದಾರಿ ಥೈರಾಯ್ಡಿನದು. ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಒಡೆದಾಗ ಎಥಿಲಿನ್ ಥಯೊಯೂರಿಯಾ ಎಂಬ ವಸ್ತು ಉಂಟಾಗುತ್ತದೆ, ಅದು ಥೈರಾಯ್ಡ್ ಹಾರ್ಮೋನನ್ನು ಕಟ್ಟುವ ಕಿಣ್ವವನ್ನೇ ತಡೆಯುತ್ತದೆ. ಹಾರ್ಮೋನು ಕಡಿಮೆಯಾದರೆ ಅದರ ಆದೇಶಕ್ಕೆ ಕಾಯುವ ವಂಶವಾಹಿಗಳೂ ಸುಮ್ಮನಾಗುತ್ತವೆ. ದಾಳಿಂಬೆ ಮತ್ತು ಮೆಣಸಿನಕಾಯಿಗೆ ಮ್ಯಾಂಕೊಜೆಬ್ ಹಳೆಯ ಸಂಗಾತಿ. ಐರೋಪ್ಯ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಅದರ ಅನುಮತಿಯನ್ನು ನವೀಕರಿಸದಿರಲು ತೀರ್ಮಾನಿಸಿದಾಗ ಕೊಟ್ಟ ಕಾರಣಗಳಲ್ಲಿ ಹಾರ್ಮೋನು ವ್ಯತ್ಯಯವೂ ಒಂದು.

ಹತ್ತಿಗೆ ಹೊಡೆಯುವ ಸೈಪರ್‌ಮೆಥ್ರಿನ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಬಗ್ಗೆ ಏನು ಹೇಳಬಹುದು?

ಇವು ಮೂರೂ ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುವ ಔಷಧಗಳು. ಸೈಪರ್‌ಮೆಥ್ರಿನ್ ಸೇರಿದ ಪೈರೆಥ್ರಾಯ್ಡ್ ಗುಂಪಿನ ಕೆಲವು ಔಷಧಗಳು ಜೀವಕೋಶ ಪರೀಕ್ಷೆಗಳಲ್ಲಿ ಆಂಡ್ರೋಜನ್ ಗ್ರಾಹಕವನ್ನು ದುರ್ಬಲವಾಗಿ ತಡೆದಿವೆ. ಕ್ಲೋರ್‌ಪೈರಿಫಾಸ್ ಪ್ರಾಣಿಗಳಲ್ಲಿ ಥೈರಾಯ್ಡ್ ಮಟ್ಟವನ್ನು ಬದಲಿಸಿದ ವರದಿಗಳಿವೆ. ಆದರೆ ಮಕ್ಕಳ ನರ ಬೆಳವಣಿಗೆಯ ಕುರಿತ ಆತಂಕವೇ ಅದರ ವಿಷಯದಲ್ಲಿ ಹೆಚ್ಚು ತೂಕದ್ದು, ಮತ್ತು 2025ರಲ್ಲಿ ದೀರ್ಘಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕೆಲವು ವಿನಾಯಿತಿಗಳೊಂದಿಗೆ ಅದನ್ನು ನಿರ್ಮೂಲನ ಪಟ್ಟಿಗೆ ಸೇರಿಸಿದವು. ಹೊಲದಲ್ಲಿ ಕೈ ನಡುಗುವುದು, ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು ಕಂಡರೆ ಅದು ಹಾರ್ಮೋನಿನ ವಿಷಯವಲ್ಲ, ನರವಿಷದ ತುರ್ತು. ತಡಮಾಡದೆ 108ಕ್ಕೆ ಕರೆ ಮಾಡಿ, ಔಷಧದ ಡಬ್ಬಿಯನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಬೇಕು.

ಡಬ್ಬಿಯ ಮೇಲೆ ಹಸಿರು ತ್ರಿಕೋನವಿದ್ದರೆ ಹಾರ್ಮೋನಿನ ಭಯವಿಲ್ಲ ಎಂದು ತಿಳಿಯಬಹುದೇ?

ತಿಳಿಯಬಾರದು. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿರುವವರು ಇದನ್ನೇ ಓದಲಿ ಎಂಬುದು ನಮ್ಮ ಅಪೇಕ್ಷೆ.

1968ರ ಕೀಟನಾಶಕ ಕಾಯ್ದೆಯಡಿ 1971ರಲ್ಲಿ ಬಂದ ನಿಯಮಗಳ ಪ್ರಕಾರ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನಿರ್ಧರಿಸುವುದು ತೀವ್ರ ವಿಷತ್ವ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಬಾಯಿಯ ಮೂಲಕ ಎಷ್ಟು ಔಷಧ ಬೇಕು ಎಂಬ ಲೆಕ್ಕ ಅದು. ದೇಹದ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, 51ರಿಂದ 500 ಹಳದಿ, 501ರಿಂದ 5,000 ನೀಲಿ, ಅದಕ್ಕೂ ಮೇಲೆ ಹಸಿರು. ಇದು ಬಹಳ ಉಪಯುಕ್ತ ಮಾಹಿತಿ, ಅದರಲ್ಲಿ ಅನುಮಾನವಿಲ್ಲ. ಕೆಂಪು ತ್ರಿಕೋನದ ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿಡುವವರಿಗೆ ಅದು ಜೀವ ಉಳಿಸುವ ಎಚ್ಚರಿಕೆಯೇ ಸರಿ. ಆದರೆ ಒಮ್ಮೆ ಹೊಟ್ಟೆಗೆ ಹೋದರೆ ಎಷ್ಟು ಬೇಗ ಪ್ರಾಣ ತೆಗೆಯುತ್ತದೆ ಎಂಬ ಪ್ರಶ್ನೆಗೂ, ಪ್ರಾಣಕ್ಕೆ ಏನೂ ಆಗದಷ್ಟು ಕಡಿಮೆ ಪ್ರಮಾಣ ಪದೇ ಪದೇ ತಗುಲಿದರೆ ವಂಶವಾಹಿಗಳಿಗೆ ಹೋಗುವ ಆದೇಶ ತಪ್ಪುತ್ತದೆಯೇ ಎಂಬ ಪ್ರಶ್ನೆಗೂ ಸಂಬಂಧವಿಲ್ಲ. ತೀವ್ರ ವಿಷತ್ವದ ಅಳತೆಗೋಲಿನಲ್ಲಿ ಮ್ಯಾಂಕೊಜೆಬ್ ತೀರ ಸಾಧು, ಥೈರಾಯ್ಡಿನ ವಿಷಯದಲ್ಲಿ ಅದರ ನಡತೆ ಬೇರೆ ಎಂಬುದನ್ನು ಮೇಲೆ ನೋಡಿದ್ದೇವೆ.

ಹಸಿರು ಗುರುತಿನ ಔಷಧಕ್ಕೆ ಕೈಗವಸು ಯಾಕೆ, ಮುಖಕ್ಕೆ ಬಟ್ಟೆ ಯಾಕೆ ಎಂಬ ಮಾತು ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವುದುಂಟು. ಹೇಳುವವರ ಮನಸ್ಸಿನಲ್ಲಿ ಮೋಸವಿರಲಿಕ್ಕಿಲ್ಲ, ಅವರಿಗೆ ಕೊಟ್ಟಿರುವ ಗುರುತೇ ಅಷ್ಟನ್ನು ಮಾತ್ರ ಹೇಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ಬಣ್ಣ ಯಾವುದು ಎಂಬುದು ಒಂದು, ಡಬ್ಬಿಯಲ್ಲಿರುವ ತಾಂತ್ರಿಕ ಹೆಸರಿನ ಔಷಧ ಯಾವುದು ಎಂಬುದು ಇನ್ನೊಂದು. ಬ್ರ್ಯಾಂಡಿನ ಹೆಸರುಗಳು ಹತ್ತು ಇರಬಹುದು, ಒಳಗಿನ ಔಷಧ ಒಂದೇ ಆಗಿರಬಹುದು.

ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು ನನ್ನ ದೇಹದಲ್ಲೂ ಆಗುತ್ತದೆಯೇ?

ಆಗಲೇಬೇಕೆಂದಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ಔಷಧವನ್ನು ಹಿಡಿದಿಡುವ ರಕ್ತದ ಪ್ರೋಟೀನುಗಳೂ ಹೆಚ್ಚಿಲ್ಲ. ಎಂಸಿಎಫ್-7 ಆಗಲಿ ಎಚ್295ಆರ್ ಆಗಲಿ ಕ್ಯಾನ್ಸರಿನಿಂದ ಬಂದ ಕೋಶಗಳು, ಅವು ಆರೋಗ್ಯವಂತ ಅಂಗಾಂಶದ ಪ್ರತಿನಿಧಿಗಳಲ್ಲ. ಸಾಂದ್ರತೆಯ ವ್ಯತ್ಯಾಸವೂ ದೊಡ್ಡದು. ದೇಹದ ಸಹಜ ಈಸ್ಟ್ರೋಜನ್ ಆದ ಎಸ್ಟ್ರಡಯಾಲ್ ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಪೈಕೊಗ್ರಾಂಗಳ (ಗ್ರಾಂನ ಲಕ್ಷ ಕೋಟಿಯ ಒಂದು ಭಾಗ) ಲೆಕ್ಕದಲ್ಲಿ ಕೆಲಸ ಮಾಡಿದರೆ, ಹೆಚ್ಚಿನ ಕೀಟನಾಶಕಗಳು ಅದೇ ಗ್ರಾಹಕವನ್ನು ಅಲುಗಿಸಲು ಅದರ ಸಾವಿರಾರು ಪಟ್ಟು ಸಾಂದ್ರತೆ ಬೇಕಾಗುತ್ತದೆ.

ಹಾಗಾದರೆ ಇಂಥ ಪರೀಕ್ಷೆಗಳೇಕೆ? ಯಾವ ಔಷಧ ಯಾವ ಮಾರ್ಗವನ್ನು ಮುಟ್ಟಬಲ್ಲದು ಎಂಬುದನ್ನು ಬೇಗ, ಪ್ರಾಣಿಗಳನ್ನು ಬಲಿಕೊಡದೆ ತೋರಿಸುವುದು ಅವುಗಳ ಕೆಲಸ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಹಕಾರ ಸಂಸ್ಥೆ ಒಪ್ಪಿದ 455, 456 ಮತ್ತು 458ನೇ ಸಂಖ್ಯೆಯ ಪರೀಕ್ಷೆಗಳು ಕ್ರಮವಾಗಿ ಈಸ್ಟ್ರೋಜನ್ ಗ್ರಾಹಕ, ಸ್ಟೀರಾಯ್ಡ್ ತಯಾರಿಕೆ ಮತ್ತು ಆಂಡ್ರೋಜನ್ ಗ್ರಾಹಕಗಳನ್ನು ನೋಡುತ್ತವೆ. ಗ್ರಾಹಕದ ಪರೀಕ್ಷೆಗಳಲ್ಲಿ ಮಿಂಚುಹುಳದ ಬೆಳಕಿನ ಕಿಣ್ವವನ್ನು ಕೋಶದೊಳಗೆ ಸೇರಿಸಿರುತ್ತಾರೆ, ಗ್ರಾಹಕ ಎಚ್ಚರಗೊಂಡರೆ ತಟ್ಟೆ ಬೆಳಗುತ್ತದೆ, ಎಷ್ಟು ಬೆಳಗಿತು ಎಂದು ಯಂತ್ರ ಅಳೆಯುತ್ತದೆ. ಇದು ತಪಾಸಣೆಯ ಮೊದಲ ಮೆಟ್ಟಿಲು, ಕೊನೆಯ ತೀರ್ಪಲ್ಲ.

ಪ್ರಮಾಣ ಕಡಿಮೆಯಾದಷ್ಟೂ ಅಪಾಯ ಕಡಿಮೆಯಲ್ಲವೇ?

ಸಾಮಾನ್ಯವಾಗಿ ಹೌದು, ಆದರೆ ಹಾರ್ಮೋನಿನ ವಿಷಯದಲ್ಲಿ ಈ ನಿಯಮ ಯಾವಾಗಲೂ ನೇರ ಗೆರೆಯಲ್ಲಿ ನಡೆಯುವುದಿಲ್ಲ. ಹೆಚ್ಚು ಪ್ರಮಾಣದಲ್ಲಿ ಕೋಶವು ತನ್ನ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳಬಹುದು ಅಥವಾ ವಿಷಕ್ಕೆ ಸತ್ತೇ ಹೋಗಬಹುದು, ಆಗ ಕಡಿಮೆ ಪ್ರಮಾಣದಲ್ಲಿ ಕಂಡ ಪರಿಣಾಮ ಹೆಚ್ಚು ಪ್ರಮಾಣದಲ್ಲಿ ಕಾಣಿಸುವುದಿಲ್ಲ. ಇಂಥ ಬಾಗಿದ ಗೆರೆಗಳು ಎಷ್ಟು ಸಾಮಾನ್ಯ ಎಂಬುದರ ಬಗ್ಗೆ ವಿಷವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ನಮ್ಮ ಭಾಗಕ್ಕೆ ಇದಕ್ಕಿಂತ ಹತ್ತಿರದ ವಿಷಯ ಬೆರಕೆಯದು. ಒಂದೊಂದಾಗಿ ನೋಡಿದಾಗ ಗಮನಾರ್ಹ ಪರಿಣಾಮ ತೋರದ ಪ್ರಮಾಣದಲ್ಲಿ ಎಂಟು ದುರ್ಬಲ ಈಸ್ಟ್ರೋಜನಕಾರಿ ರಾಸಾಯನಿಕಗಳನ್ನು ಒಟ್ಟಿಗೆ ಸೇರಿಸಿದಾಗ ಸ್ಪಷ್ಟ ಪರಿಣಾಮ ಬಂತು ಎಂದು 2002ರಲ್ಲಿ ಲಂಡನ್ನಿನ ಸಂಶೋಧಕರ ತಂಡ ತೋರಿಸಿತು. ಪರೀಕ್ಷೆಗಳು ಬಹುಪಾಲು ಒಂದೊಂದೇ ಔಷಧವನ್ನು ನೋಡುತ್ತವೆ. ನಮ್ಮ ಹೊಲಗಳಲ್ಲಿ ಹುಳಕ್ಕೊಂದು, ರೋಗಕ್ಕೊಂದು, ಹಸಿರು ಬರಲೆಂದು ಇನ್ನೊಂದು ಎಂದು ಒಂದೇ ಟ್ಯಾಂಕಿಗೆ ಮೂರು ನಾಲ್ಕು ಸುರಿಯುವುದು ವಾಡಿಕೆ. ಶಿಫಾರಸು ಇಲ್ಲದ ಬೆರಕೆಯನ್ನು ಬಿಡುವುದು ಖರ್ಚಿನ ದೃಷ್ಟಿಯಿಂದಲೂ ಲಾಭವೇ.

ಈ ಔಷಧಗಳು ವಂಶವಾಹಿಯನ್ನೇ ಬದಲಾಯಿಸುತ್ತವೆಯೇ? ಮೊಮ್ಮಕ್ಕಳಿಗೂ ಅದು ಹೋಗುತ್ತದೆಯೇ?

ವಂಶವಾಹಿಯ ಅಕ್ಷರಗಳು ಬದಲಾಗುವುದು ಬೇರೆ, ಅದನ್ನು ಓದುವ ಕ್ರಮ ಬದಲಾಗುವುದು ಬೇರೆ. ಹಾರ್ಮೋನು ವ್ಯತ್ಯಯಕಾರಿಗಳ ವಿಷಯದಲ್ಲಿ ಚರ್ಚೆಯಲ್ಲಿರುವುದು ಎರಡನೆಯದು. ಡಿಎನ್‌ಎಯ ಮೇಲೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುರುತುಗಳು ಬಿದ್ದರೆ ಆ ಭಾಗದ ವಂಶವಾಹಿ ಸಾಮಾನ್ಯವಾಗಿ ಮೌನವಾಗುತ್ತದೆ. ಕೋಶ ಒಡೆದು ಎರಡಾದಾಗಲೂ ಈ ಗುರುತುಗಳು ನಕಲಾಗುತ್ತವೆ. ಆದ್ದರಿಂದ ಔಷಧ ದೇಹದಿಂದ ಹೊರಹೋದ ಮೇಲೂ ಅದರ ನೆರಳು ಉಳಿಯಬಹುದು.

ತಲೆಮಾರಿನ ಪ್ರಶ್ನೆಗೆ ಎಲ್ಲರೂ ಹೆಸರಿಸುವುದು 2005ರಲ್ಲಿ ಮೈಕೆಲ್ ಸ್ಕಿನ್ನರ್ ಅವರ ಪ್ರಯೋಗಾಲಯ ಪ್ರಕಟಿಸಿದ ಅಧ್ಯಯನವನ್ನು. ಬಸುರಿ ಇಲಿಗಳಿಗೆ ವಿನ್‌ಕ್ಲೊಜೊಲಿನ್ ಕೊಟ್ಟಾಗ ನಾಲ್ಕನೆಯ ತಲೆಮಾರಿನ ಗಂಡುಗಳವರೆಗೆ ವೀರ್ಯಾಣುಗಳ ಸಾಮರ್ಥ್ಯ ಕುಗ್ಗಿತ್ತು, ಮೀಥೈಲ್ ಗುರುತುಗಳ ವಿನ್ಯಾಸವೂ ಬದಲಾಗಿತ್ತು. ಆ ಫಲಿತಾಂಶ ಹೊಸ ಸಂಶೋಧನೆಗಳ ಸಾಲನ್ನೇ ತೆರೆಯಿತು. ಅಷ್ಟೇ ಮುಖ್ಯವಾಗಿ ಬಳಸಿದ ಪ್ರಮಾಣ ಬಹಳ ಹೆಚ್ಚಿತ್ತು ಮತ್ತು ಬೇರೆ ಕೆಲವು ಪ್ರಯೋಗಾಲಯಗಳಿಗೆ ಅದೇ ಫಲಿತಾಂಶ ಸಿಗಲಿಲ್ಲ. ಅಜ್ಜ ಎಣ್ಣೆ ಹೊಡೆದಿದ್ದಕ್ಕೆ ಮೊಮ್ಮಗನಿಗೆ ಹೀಗಾಯಿತು ಎಂದು ಮನುಷ್ಯರ ವಿಷಯದಲ್ಲಿ ಹೇಳುವಂಥ ಆಧಾರ ಇಂದು ಇಲ್ಲ. ಹಾಗೆ ಹೇಳಿ ಯಾರನ್ನೂ ನೋಯಿಸಬಾರದು.

ಮನುಷ್ಯರಲ್ಲೇ ಕಂಡ ಸಾಕ್ಷ್ಯ ಯಾವುದು?

ಅತ್ಯಂತ ಗಟ್ಟಿಯಾದ ಉದಾಹರಣೆ ಕೀಟನಾಶಕದ್ದಲ್ಲ, ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ನಿನದು. ಗರ್ಭಪಾತ ತಡೆಯಲೆಂದು ಅದನ್ನು ಗರ್ಭಿಣಿಯರಿಗೆ ಕೊಡುತ್ತಿದ್ದರು. ಆ ತಾಯಂದಿರ ಹೆಣ್ಣುಮಕ್ಕಳಿಗೆ ಹರೆಯದಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಬಂದದ್ದು 1971ರಲ್ಲಿ ಬೆಳಕಿಗೆ ಬಂತು. ಗರ್ಭಕೋಶದ ಬೆಳವಣಿಗೆಯನ್ನು ನಡೆಸುವ ಎಚ್ಒಎಕ್ಸ್ಎ10 ವಂಶವಾಹಿಯ ಚಟುವಟಿಕೆಯನ್ನು ಅದು ಬದಲಿಸುತ್ತದೆ ಎಂದು ಮುಂದೆ ತಿಳಿಯಿತು. ಗರ್ಭದಲ್ಲಿ ತಪ್ಪಿದ ಆದೇಶಕ್ಕೆ ಬೆಲೆ ತೆರುವುದು ವರ್ಷಗಳ ನಂತರ ಎಂಬುದನ್ನು ಜಗತ್ತಿಗೆ ಕಲಿಸಿದ್ದು ಈ ಪ್ರಕರಣ.

ಕೀಟನಾಶಕಗಳಲ್ಲಿ ಡಿಡಿಟಿಯ ಮಾಹಿತಿ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ 1959ರಿಂದ 1967ರವರೆಗೆ ಗರ್ಭಿಣಿಯರಿಂದ ಪಡೆದು ಶೇಖರಿಸಿದ ರಕ್ತವನ್ನು ಪರೀಕ್ಷಿಸಿದಾಗ, ಆರ್ಥೋ-ಪ್ಯಾರಾ ಡಿಡಿಟಿ ಹೆಚ್ಚಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರಿನ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದದ್ದು 2015ರಲ್ಲಿ ವರದಿಯಾಯಿತು. ಫ್ರಾನ್ಸಿನ ಆಡಳಿತದ ಕೆರಿಬಿಯನ್ ದ್ವೀಪಗಳಾದ ಗ್ವಾಡೆಲೂಪ್ ಮತ್ತು ಮಾರ್ಟಿನಿಕ್‌ಗಳ ಬಾಳೆತೋಟಗಳಲ್ಲಿ 1993ರವರೆಗೂ ಬಳಸಿದ ಕ್ಲೋರ್‌ಡೆಕೋನ್ ಎಂಬ ಈಸ್ಟ್ರೋಜನಕಾರಿ ಕೀಟನಾಶಕಕ್ಕೂ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟು ಇರುವುದನ್ನು 2010ರ ಅಧ್ಯಯನ ತೋರಿಸಿತು. ಇವು ನಂಟುಗಳು, ಒಬ್ಬ ವ್ಯಕ್ತಿಯ ಕಾಯಿಲೆಗೆ ಇದೇ ಕಾರಣ ಎಂಬ ಪ್ರಮಾಣಪತ್ರಗಳಲ್ಲ. ಡಿಡಿಟಿ ಮತ್ತು ಕ್ಲೋರ್‌ಡೆಕೋನ್ ವರ್ಷಗಟ್ಟಲೆ ಕೊಬ್ಬಿನಲ್ಲೋ ಮಣ್ಣಿನಲ್ಲೋ ಉಳಿಯುವ ಹಳೆಯ ಔಷಧಗಳು ಎಂಬುದನ್ನೂ ನೆನಪಿಡಬೇಕು. ಇಂದಿನ ಪೈರೆಥ್ರಾಯ್ಡ್‌ಗಳು ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತವೆ. ಆದರೆ ವಾರಕ್ಕೊಮ್ಮೆ ಹೊಡೆಯುವವನಿಗೆ ವಾರಕ್ಕೊಮ್ಮೆ ಹೊಸದಾಗಿ ತಗುಲುತ್ತದೆ.

ಗರ್ಭಿಣಿಯರು ಹೊಲದ ಕೆಲಸಕ್ಕೆ ಹೋಗಬಹುದೇ?

ಎಣ್ಣೆ ಹೊಡೆಯುವ, ಬೆರೆಸುವ, ಪಂಪು ತೊಳೆಯುವ, ಆ ಬಟ್ಟೆ ಒಗೆಯುವ ಕೆಲಸಗಳಿಂದ ಅವರನ್ನು ಪೂರ್ತಿ ದೂರವಿಡಬೇಕು. ಹೊಡೆದ ಹೊಲಕ್ಕೆ ಕಳೆ ತೆಗೆಯಲು, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಡಬ್ಬಿಯಲ್ಲಿ ಹೇಳಿದ ಅವಧಿ ಮುಗಿಯುವ ಮೊದಲು ಕಳಿಸಬಾರದು. ಗಂಡು ಶಿಶುವಿನ ಜನನಾಂಗಗಳ ದಿಕ್ಕು ನಿರ್ಧಾರವಾಗುವುದು ಗರ್ಭದ ಸುಮಾರು 8ರಿಂದ 14ನೇ ವಾರದೊಳಗೆ, ಟೆಸ್ಟೋಸ್ಟೆರಾನ್‌ನ ಆದೇಶದಂತೆ. ಮೊದಲ ಮೂರು ತಿಂಗಳು ಶಿಶುವಿನ ಮೆದುಳಿಗೆ ಬೇಕಾದ ಥೈರಾಯ್ಡ್ ಹಾರ್ಮೋನೂ ತಾಯಿಯದೇ. ಅಂದರೆ ಅತ್ಯಂತ ಸೂಕ್ಷ್ಮವಾದ ವಾರಗಳು ಬಸಿರು ಊರಿಗೆ ಗೊತ್ತಾಗುವ ಮೊದಲೇ ಕಳೆದುಹೋಗುತ್ತವೆ. ಕೂಲಿ ತಪ್ಪಿದರೆ ಮನೆ ನಡೆಯದ ಹೆಣ್ಣಾಳಿಗೆ ಬರಬೇಡ ಎನ್ನುವುದು ಸುಲಭ, ಬೇರೆ ಕೆಲಸ ಹಚ್ಚಿ ಅದೇ ಕೂಲಿ ಕೊಡುವುದು ಹೊಲದ ಯಜಮಾನನ ಹೊಣೆ.

ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿಲ್ಲ. ಇದಕ್ಕೆ ಎಣ್ಣೆ ಹೊಡೆಯುವುದೇ ಕಾರಣವೇ?

ಇರಬಹುದಾದ ಹಲವು ಕಾರಣಗಳಲ್ಲಿ ಅದೂ ಒಂದು, ಅಷ್ಟೇ. ವೃಷಣದ ರಕ್ತನಾಳಗಳ ಊತ, ಸೋಂಕು, ತಂಬಾಕು, ಥೈರಾಯ್ಡ್ ತೊಂದರೆ, ಅಂಡನಾಳದ ತಡೆ ಇವೆಲ್ಲ ಹೆಚ್ಚು ಸಾಮಾನ್ಯ ಮತ್ತು ಹಲವು ಗುಣವಾಗುವಂಥವು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತಪಾಸಣೆಗೆ ಹೋಗಬೇಕು, ಯಾವ ಔಷಧವನ್ನು ಎಷ್ಟು ಕಾಲದಿಂದ ಹೊಡೆಯುತ್ತಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು.

ಹೊಡೆಯುವಾಗ ಔಷಧ ದೇಹದೊಳಗೆ ಮುಖ್ಯವಾಗಿ ಎಲ್ಲಿಂದ ಹೋಗುತ್ತದೆ?

ಮೂಗಿನಿಂದ ಎಂದು ಬಹಳ ಜನ ತಿಳಿದಿದ್ದಾರೆ, ಅದಕ್ಕೇ ಮುಖಕ್ಕೆ ಟವೆಲ್ ಸುತ್ತಿಕೊಂಡು ಬರಿಗಾಲಲ್ಲಿ ಗದ್ದೆಗಿಳಿಯುತ್ತಾರೆ. ವಾಸ್ತವದಲ್ಲಿ ಹೆಚ್ಚು ಹೋಗುವುದು ಚರ್ಮದ ಮೂಲಕ. ಬೆನ್ನಿಗೆ ಹಾಕುವ ಪಂಪಿನ ಮುಚ್ಚಳದ ವಾಷರ್ ಸವೆದಿದ್ದರೆ ಪ್ರತಿ ಹೆಜ್ಜೆಗೂ ದ್ರಾವಣ ತುಳುಕಿ, ಅಂಗಿಯ ಬೆನ್ನು ನೆನೆದು, ಸೊಂಟದ ಪಟ್ಟಿಯಲ್ಲಿ ನಿಂತು, ಅಲ್ಲಿಂದ ತೊಡೆಸಂದಿಗೆ ಇಳಿಯುತ್ತದೆ. ದೇಹದಲ್ಲಿ ಔಷಧವನ್ನು ಅತಿ ಹೆಚ್ಚು ಹೀರುವುದು ಅದೇ ಭಾಗ. 1971ರಲ್ಲಿ ಪ್ರಕಟವಾದ, ಪ್ಯಾರಾಥಯಾನ್ ಎಂಬ ಕೀಟನಾಶಕ ಬಳಸಿ ಮನುಷ್ಯರ ಮೇಲೆ ನಡೆಸಿದ ಅಳತೆಯಲ್ಲಿ, ಮುಂಗೈಗೆ ಹೋಲಿಸಿದರೆ ವೃಷಣದ ಚರ್ಮ ಸುಮಾರು 12 ಪಟ್ಟು ಹೀರಿತ್ತು. ಬಿಸಿಲಿಗೆ ಬೆವರಿದ ಚರ್ಮ ಇನ್ನೂ ಬೇಗ ಹೀರುತ್ತದೆ, ಮತ್ತು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆದ್ದರಿಂದ ದುಬಾರಿ ಮುಖವಾಡಕ್ಕಿಂತ ಮೊದಲು ಹೊಸ ವಾಷರ್ ಹಾಕಿಸಿ. ಪಂಪಿಗೂ ಬೆನ್ನಿಗೂ ನಡುವೆ ಯೂರಿಯಾ ಚೀಲದ ಒಳಪದರದಂಥ ಶುದ್ಧ ಪ್ಲಾಸ್ಟಿಕ್ ಹಾಳೆ ಇರಲಿ. ಔಷಧವನ್ನು ಅಳೆದು ಬೆರೆಸುವಾಗ ಕೈಗವಸು ಕಡ್ಡಾಯ, ಏಕೆಂದರೆ ಟ್ಯಾಂಕಿನ ದ್ರಾವಣಕ್ಕಿಂತ ಡಬ್ಬಿಯ ಔಷಧ ನೂರಾರು ಪಟ್ಟು ಗಾಢವಾಗಿರುತ್ತದೆ. ನಾಜಲ್ ಕಟ್ಟಿಕೊಂಡಾಗ ಬಾಯಿಂದ ಊದುವ ಅಭ್ಯಾಸವನ್ನು ಇಂದೇ ಬಿಡಬೇಕು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಸೇರಿಸದೆ ಬೇರೆ ಒಗೆಯಬೇಕು.

ಅಕ್ಕಿ, ತರಕಾರಿ ತೊಳೆದರೆ ಕೀಟನಾಶಕದ ಉಳಿಕೆ ಹೋಗುತ್ತದೆಯೇ?

ಮೇಲ್ಮೈಯಲ್ಲಿ ಕೂತ ಔಷಧ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದರೆ ಸಾಕಷ್ಟು ಹೋಗುತ್ತದೆ, ಗಿಡದ ರಸದಲ್ಲಿ ಸೇರಿದ ಅಂತರ್ವ್ಯಾಪಿ ಔಷಧ ಹೋಗುವುದಿಲ್ಲ. ಮ್ಯಾಂಕೊಜೆಬ್ ಹೊಡೆದ ತರಕಾರಿಯನ್ನು ಬೇಯಿಸುವ ಮೊದಲೇ ತೊಳೆಯುವುದು ಮುಖ್ಯ, ಏಕೆಂದರೆ ಬಿಸಿ ತಗುಲಿದಾಗ ಅದು ಥೈರಾಯ್ಡಿಗೆ ತೊಂದರೆ ಕೊಡುವ ಎಥಿಲಿನ್ ಥಯೊಯೂರಿಯಾ ಆಗಿ ಮಾರ್ಪಡುತ್ತದೆ. ಭತ್ತದಲ್ಲಿ ಉಳಿಕೆಯ ಬಹುಪಾಲು ಹೊಟ್ಟು ಮತ್ತು ತೌಡಿನಲ್ಲಿರುವುದರಿಂದ ಪಾಲಿಶ್ ಅಕ್ಕಿಯಲ್ಲಿ ಕಡಿಮೆ ಇರುತ್ತದೆ, ಆದರೆ ತೌಡು ತಿನ್ನುವ ಎಮ್ಮೆಯ ಹಾಲು ನಮ್ಮ ಮನೆಗೇ ಬರುತ್ತದೆ. ಇದಕ್ಕೆಲ್ಲ ನಿಜವಾದ ಉಪಾಯ ಹೊಲದಲ್ಲೇ ಇದೆ: ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಡಬ್ಬಿಯಲ್ಲಿ ಬರೆದಷ್ಟು ದಿನ ಕಾಯುವುದು.

ರಕ್ತಪರೀಕ್ಷೆಯಿಂದ ನನ್ನ ವಂಶವಾಹಿಗಳಿಗೆ ಏನಾಗಿದೆ ಎಂದು ತಿಳಿಯಬಹುದೇ?

ಇಲ್ಲ. ಮೀಥೈಲ್ ಗುರುತುಗಳ ಪರೀಕ್ಷೆ ಸಂಶೋಧನೆಗೆ ಸೀಮಿತ, ಒಬ್ಬ ವ್ಯಕ್ತಿಗೆ ಅದರಿಂದ ಚಿಕಿತ್ಸೆ ನಿರ್ಧರಿಸಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಮಾಡುವ ಕೋಲಿನೆಸ್ಟರೇಸ್ ಪರೀಕ್ಷೆ ಕ್ಲೋರ್‌ಪೈರಿಫಾಸ್‌ನಂಥ ಔಷಧಗಳ ನರವಿಷವನ್ನು ಹೇಳುತ್ತದೆಯೇ ಹೊರತು ಹಾರ್ಮೋನಿನ ಬಗ್ಗೆ ಏನೂ ಹೇಳುವುದಿಲ್ಲ. ಜೀನ್ ಶುದ್ಧಿ ಮಾಡುತ್ತೇವೆ, ವಿಷ ಹೊರಹಾಕುತ್ತೇವೆ ಎಂದು ಪೊಟ್ಟಣ ಮಾರುವವರಿಗೆ ದುಡ್ಡು ಕೊಡಬೇಡಿ.

ಕಳೆನಾಶಕ ಗ್ಲೈಫೋಸೇಟ್ ಕೂಡ ಹಾರ್ಮೋನನ್ನು ಕೆಡಿಸುತ್ತದೆಯೇ?

ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಸಾಕ್ಷ್ಯಗಳನ್ನು ತೂಗಿ ನೋಡಿ, ಅದಕ್ಕೆ ಹಾರ್ಮೋನು ವ್ಯತ್ಯಯದ ಗುಣವಿಲ್ಲ ಎಂಬ ತೀರ್ಮಾನಕ್ಕೆ ಬಂದಿದೆ. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದದ್ದು ಬೇರೆ ಚರ್ಚೆ.

ನಮ್ಮ ದೇಶದಲ್ಲಿ ಯಾವುವನ್ನು ನಿಷೇಧಿಸಲಾಗಿದೆ?

ಡಿಡಿಟಿಯ ಕೃಷಿ ಬಳಕೆ 1989ರಲ್ಲೇ ನಿಂತಿತು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರ ಮೇ 13ರಂದು ತಡೆಯಿತು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ ಒಟ್ಟು 18 ಕೀಟನಾಶಕಗಳಿದ್ದವು. ಅವುಗಳಲ್ಲಿ ಕೂಡಲೇ ನಿಂತ ಲಿನ್ಯುರಾನ್ ಮತ್ತು ಫೆನಾರಿಮೋಲ್ ಎರಡೂ ಆಂಡ್ರೋಜನ್ ಗ್ರಾಹಕವನ್ನು ತಡೆಯುವ ಔಷಧಗಳು, ಫೋರೇಟ್ ಮತ್ತು ಟ್ರೈಜೊಫಾಸ್‌ಗಳಿಗೆ 2020ರ ಕೊನೆಯವರೆಗೆ ಅವಧಿ ಕೊಡಲಾಗಿತ್ತು. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಹಾರ್ಮೋನು ವ್ಯತ್ಯಯವನ್ನು ಗುರುತಿಸಲು ಪ್ರತ್ಯೇಕ ವೈಜ್ಞಾನಿಕ ಮಾನದಂಡಗಳೇ ಇವೆ. ಅಲ್ಲಿ ನಿಂತುಹೋದ ಔಷಧ ಇಲ್ಲಿ ಮಾರಾಟವಾಗುವುದಕ್ಕೆ ಇಂಥ ವ್ಯತ್ಯಾಸಗಳೂ ಕಾರಣ. ಹಳೆಯ ಡಬ್ಬಿಗಳು ಕಣಜದ ಮೂಲೆಯಲ್ಲಿ ಉಳಿದಿದ್ದರೆ ಕಾಲುವೆಗೆ ಸುರಿಯಬೇಡಿ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ನಮ್ಮ ಬೆಳೆಯಲ್ಲಿ ಉಳಿಕೆ ಇದೆಯೇ ಎಂದು ಎಲ್ಲಿ ಪರೀಕ್ಷಿಸಬಹುದು? ಕಡಿಮೆ ಹೊಡೆಯುವ ಸಲಹೆ ಎಲ್ಲಿ ಸಿಗುತ್ತದೆ?

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಮತ್ತು ಆಹಾರ ಗುಣಮಟ್ಟ ವಿಶ್ಲೇಷಣೆಯ ಪ್ರಯೋಗಾಲಯವಿದೆ. ಅದು ಹೇಳುವುದು ಮಾದರಿಯಲ್ಲಿ ಯಾವ ಔಷಧ ಎಷ್ಟಿದೆ ಎಂಬುದನ್ನು, ದೇಹದ ಮೇಲೆ ಅದರ ಪರಿಣಾಮವನ್ನಲ್ಲ. ಮಾದರಿ ಎಷ್ಟು ತೂಕವಿರಬೇಕು, ಹೇಗೆ ಕಟ್ಟಬೇಕು, ಶುಲ್ಕ ಎಷ್ಟು ಎಂಬುದನ್ನು ಮೊದಲೇ ಕೇಳಿಕೊಂಡು ಹೋದರೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಕಂದು ಜಿಗಿಹುಳು ಯಾವ ಮಟ್ಟಕ್ಕೆ ಬಂದರೆ ಮಾತ್ರ ಔಷಧ ಬೇಕು, ಗುಲಾಬಿ ಕಾಯಿಕೊರಕಕ್ಕೆ ಮೋಹಕ ಬಲೆ ಯಾವಾಗ ಕಟ್ಟಬೇಕು ಎಂಬಂಥ ಪ್ರಶ್ನೆಗಳನ್ನು ಗಂಗಾವತಿ, ರಾಯಚೂರು ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಅಥವಾ 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರಿನಲ್ಲಿ ಕನ್ನಡದಲ್ಲೇ ಕೇಳಬಹುದು. ಕೇಳುವಾಗ ಬ್ರ್ಯಾಂಡಿನ ಹೆಸರಿಗಿಂತ ಡಬ್ಬಿಯ ಮೇಲಿನ ತಾಂತ್ರಿಕ ಹೆಸರನ್ನು ಓದಿ ಹೇಳಿದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ.